ಬೀಗದವನೂ ಬಾಗಿಲಿಲ್ಲದ ಚೌಕಟ್ಟೂ

ನನ್ನನ್ನು ತಡೆದು ನಿಲ್ಲಿಸುವ ಬಾಗಿಲು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಹೀಗೆಂದು ನಾನು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡದ್ದು ವಿಮಾನ ಹತ್ತುವ ಹಿಂದಿನ ಸಂಜೆ. ಹಾಗೆ ಹೇಳಲು ನನಗೆ ಅಧಿಕಾರವೂ ಇತ್ತೆನ್ನಿ. ನಾನು ಬೀಗದವನು. ಕೀಲಿ ಕಳೆದುಕೊಂಡವರು, ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡವರು, ಗಂಡ ಬೀಗ ಬದಲಾಯಿಸಿದ್ದರಿಂದ ಮೆಟ್ಟಿಲ ಮೇಲೆ ಕುಳಿತ ಹೆಂಡತಿಯರು, ಹೆಂಡತಿ ಬೀಗ ಬದಲಾಯಿಸಿದ್ದರಿಂದ ಬೀದಿಯಲ್ಲಿ ನಿಂತ ಗಂಡಂದಿರು, ಎಲ್ಲರೂ ಕೊನೆಗೆ ನನ್ನ ಅಂಗಡಿಗೇ ಬರಬೇಕು. ಇಂಥ ನನಗೆ ವಿಮಾನ ನಿಲ್ದಾಣದ ತಪಾಸಣೆಯ ಚೌಕಟ್ಟು ಯಾವ ಲೆಕ್ಕ? ಅದಕ್ಕೆ ಬೀಗವಿಲ್ಲ, ಚಿಲಕವಿಲ್ಲ, ಅಷ್ಟೇಕೆ, ಬಾಗಿಲೇ ಇಲ್ಲ!

"ಬೀಗ ತೆಗೆಯೋದು ನಿಮ್ಮ ಕಸುಬು, ಬೀಗೋದು ನಿಮ್ಮ ಚಟ," ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ. "ತೋಳಿನ ಮೇಲಿರೋದನ್ನ ನೋಡಿ ಅವರೇನಾದ್ರೂ ಕೇಳಿದ್ರೆ ಎರಡು ಮಾತಲ್ಲಿ ಹೇಳಿ ಮುಗಿಸಿ. ಭಾಷಣ ಬೇಡ."

ತೋಳಿನ ಮೇಲಿರುವುದು ಎಂದರೆ ಸೆನ್ಸರು. ನನಗೆ ಸಕ್ಕರೆ ಕಾಯಿಲೆ. ಎಡತೋಳಿನ ಹಿಂಭಾಗಕ್ಕೆ ಕೋಟಿನ ಗುಂಡಿಯಷ್ಟು ದೊಡ್ಡ ಬಿಳಿ ಬಿಲ್ಲೆಯೊಂದನ್ನು ಅಂಟಿಸಿದ್ದಾರೆ. ಅದರಿಂದ ಕೂದಲೆಳೆಯಂಥ ತಂತಿ ಚರ್ಮದೊಳಗೆ ಇಳಿದು, ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂಬ ಚಾಡಿಯನ್ನು ಹೊತ್ತುಹೊತ್ತಿಗೂ ನನ್ನ ಫೋನಿಗೆ ಹೇಳುತ್ತದೆ. ಸಕ್ಕರೆ ತೀರಾ ಇಳಿದರೆ ಫೋನು ಕೂಗಿಕೊಳ್ಳಬೇಕು. ಕಂಪನಿಯವರು ಕೊಟ್ಟ ಕುಂಯ್‌ ಕುಂಯ್‌ ಸದ್ದಿಗೆ ನಾನು ಮಗ್ಗುಲು ಬದಲಾಯಿಸಿ ನಿದ್ದೆ ಮುಂದುವರಿಸುತ್ತಿದ್ದುದರಿಂದ, ಹೆಂಡತಿ ಅದನ್ನು ತೆಗೆಸಿ ತನ್ನ ಸ್ವಂತ ದನಿಯನ್ನೇ ಅದಕ್ಕೆ ತುಂಬಿಸಿದಳು: "ರೀ! ಇಳೀತಾ ಇದೀರ! ಬೇಗ ಏನಾದ್ರೂ ಬಾಯಿಗೆ ಹಾಕ್ಕೊಳ್ಳಿ!" ಹೀಗಾಗಿ ನನಗೆ ತೋಳಿನಲ್ಲಿ ಸೆನ್ಸರು, ಜೇಬಿನಲ್ಲಿ ಸೆನ್ಸಾರು.

ನಾವು ಹೊರಟದ್ದು ವಿಹಾರಕ್ಕಲ್ಲ. ಬೇರೆ ಊರಿನ ಆಸ್ಪತ್ರೆಯಲ್ಲಿ ನನ್ನ ಅಕ್ಕ ಮಲಗಿದ್ದಳು. ಅವಳಿಗೂ ಇದೇ ಕಾಯಿಲೆ. ಚಪ್ಪಲಿ ಕಚ್ಚಿ ಆದ ಸಣ್ಣ ಗಾಯ. ಕಾಲು ಮರಗಟ್ಟಿದ್ದರಿಂದ ನೋವು ತಿಳಿಯಲಿಲ್ಲ, ನೋವಿಲ್ಲದ್ದರಿಂದ ಅವಳು ನೋಡಿಕೊಳ್ಳಲಿಲ್ಲ. ಈಗ ಮರುದಿನ ಮಧ್ಯಾಹ್ನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಬಿಡುತ್ತೇವೆ, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಭಾವ ಫೋನು ಮಾಡಿ ಇಷ್ಟು ಹೇಳಿ, ಫೋನನ್ನು ಅಕ್ಕನ ಕೈಗೆ ಕೊಟ್ಟರು.

"ತೆಗೆಯೋಕೆ ಮುಂಚೆ ನೀನು ಬಂದು ಒಂದ್ಸಲ ನೋಡ್ಬಿಡೋ," ಎಂದಳು ಅಕ್ಕ. "ನೀನು ನಡೆಯೋದು ಕಲಿತಿದ್ದು ಅದರ ಮೇಲೆ ನಿಂತು."

ನಿಜ. ಅಮ್ಮ ಕೆಲಸಕ್ಕೆ ಹೋದ ಮೇಲೆ ಅಕ್ಕ ತನ್ನ ಎರಡು ಪಾದಗಳ ಮೇಲೆ ನನ್ನ ಎರಡು ಪಾದಗಳನ್ನು ಇಡಿಸಿಕೊಂಡು, ಕೈ ಹಿಡಿದು, ಈ ಗೋಡೆಯಿಂದ ಆ ಗೋಡೆಯವರೆಗೆ ನಡೆಸುತ್ತಿದ್ದಳಂತೆ. ಅವಳಿಗೆ ಆಗ ಎಂಟೋ ಒಂಬತ್ತೋ. ಅಂಥ ಕಾಲನ್ನು ಒಂದು ಸಲ ನೋಡಿ ಕಳಿಸಿಕೊಡಬೇಕು. ಅದಕ್ಕಾಗಿ ನಾನು ಮಧ್ಯಾಹ್ನದೊಳಗೆ ಅಲ್ಲಿರಬೇಕು. ಇಷ್ಟೇ ಇದ್ದದ್ದು ನನ್ನ ಕೆಲಸ.

ಹೆಂಡತಿ ಹೊಲಿಯುತ್ತಿದ್ದದ್ದು ನನ್ನ ಕೋಟನ್ನು. ಅಂಗಡಿಗೂ ಅದೇ, ಆಸ್ಪತ್ರೆಗೂ ಅದೇ. ಒಳಜೇಬು ಹರಿದು ವರ್ಷವಾಗಿತ್ತು. ಅದರಲ್ಲಿ ಇಟ್ಟದ್ದೆಲ್ಲ ನೇರವಾಗಿ ಅಸ್ತರಿನೊಳಗೆ ಇಳಿದು ಕಾಣೆಯಾಗುತ್ತಿತ್ತು.

"ಅಕ್ಕನ ಮುಂದೆ ಹರಕಲು ಕೋಟು ಹಾಕ್ಕೊಂಡು ನಿಂತ್ಕೋತೀರಾ? ನಾನೇನು ಸತ್ತುಹೋಗಿದೀನಾ?" ಎಂದು ಅವಳು ಆ ಜೇಬನ್ನು ಎರಡು ಸುತ್ತು ಹೊಲಿದು, ಹಲ್ಲಿನಲ್ಲಿ ದಾರ ಕಚ್ಚಿದಳು. ಹೊಲಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ ಹೊರಗಿನದು ಒಳಗೆ ಹೋಗುವಂತಿರಲಿಲ್ಲ, ಒಳಗಿನದು ಹೊರಗೆ ಬರುವಂತಿರಲಿಲ್ಲ. ಒಳಗೆ ಏನಿದೆ ಎಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಕುಳಿತು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡೆ. ಹೆಂಡತಿ ತಕ್ಷಣ ಬ್ರೆಡ್ಡಿನ ಡಬ್ಬಿ ತೆರೆದಳು.

"ಚುಚ್ಕೊಂಡ್ರಲ್ಲ, ಈಗ ತಿನ್ನಿ."

"ಈ ಕುಲುಕಾಟದಲ್ಲಾ? ತಪಾಸಣೆ ಮುಗಿಸಿ, ಒಳಗೆ ಹೋಗಿ, ಆರಾಮಾಗಿ ಕಾಲು ಚಾಚಿ ಕೂತು ತಿನ್ನೋಣ!"

ಅವಳು ಡಬ್ಬಿ ಮುಚ್ಚಿದಳು. ಕಾಲು ಎಂಬ ಮಾತು ಬಾಯಿಂದ ಬಿದ್ದದ್ದೇ ಇಬ್ಬರೂ ಕಿಟಕಿಯ ಕಡೆ ತಿರುಗಿದೆವು. ಇನ್ನೆಷ್ಟು ಹೊತ್ತು ಎಂದು ಡ್ರೈವರನ್ನು ಕೇಳಿದರೆ, "ಕಾಲು ಗಂಟೆ ಸಾರ್," ಎಂದ. ಮುಂದಿನ ತಿರುವಿನಲ್ಲಿ ವಾಹನಗಳೆಲ್ಲ ನಿಂತಿದ್ದನ್ನು ಕಂಡು, "ಇಲ್ಲಿ ಬರೀ ಕಾಲಹರಣ ಸಾರ್," ಎಂದ. ಆ ಮಾತಿನಲ್ಲಿ ಯಾರೋ ಕಾಲನ್ನು ಹೊತ್ತುಕೊಂಡು ಓಡುತ್ತಿರುವುದೇ ನನಗೆ ಕಂಡಿತು. ಕನ್ನಡದಲ್ಲಿ ಇಷ್ಟೊಂದು ಕಾಲುಗಳಿವೆ ಎಂದು ನನಗೆ ಆ ದಿನದವರೆಗೆ ಗೊತ್ತೇ ಇರಲಿಲ್ಲ.

ನಿಲ್ದಾಣದ ಒಳಗೆ ತಪಾಸಣೆಯ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಜನ ಬೆಲ್ಟು ಬಿಚ್ಚಿ, ಬೂಟು ಬಿಚ್ಚಿ, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ಮುಂದೆ ಸರಿಯುತ್ತಿದ್ದರು. ನಮ್ಮ ಸರದಿ ಬಂದಾಗ ಎದುರಿಗಿದ್ದವನು ದಪ್ಪ ಮೀಸೆಯ ಸಿಬ್ಬಂದಿ. ನನ್ನ ಚೀಲದಿಂದ ಹಣ್ಣಿನ ರಸದ ಬಾಟಲಿಯನ್ನು ಎತ್ತಿ ಹಿಡಿದ.

"ಬಾಟಲಿ ದೊಡ್ಡದಾಯ್ತು ಸಾರ್. ಸಕ್ಕರೆ ಕಾಯಿಲೆಗೆ ಬೇಕು ಅಂತಿದ್ರೆ ಹೇಳಿ, ಇಟ್ಕೊಳ್ಳಿ."

ಹೆಂಡತಿ "ಹೌದು" ಎನ್ನಲು ಬಾಯಿ ತೆರೆದಳು. ನಾನು ಅಂಗೈ ಎತ್ತಿ ತಡೆದೆ.

"ಬೇಡ! ಕಾನೂನು ಅಂದ್ರೆ ಎಲ್ಲರಿಗೂ ಒಂದೇ. ಕಾಯಿಲೆ ತೋರಿಸಿ ದಯೆ ಬೇಡೋ ಜಾಯಮಾನ ನಂದಲ್ಲ. ಎಸೀರಿ!"

ಅವನು ಎಸೆದ. ಬಾಟಲಿ ಬುಟ್ಟಿಯ ತಳಕ್ಕೆ ದೊಪ್ಪೆಂದು ಬಿದ್ದ ಸದ್ದಿಗೆ ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಈಗ ನನ್ನ ಘಳಿಗೆ ಬಂದಿತ್ತು. ಕೋಟು ಕಳಚಿ, ಅಂಗಿಯ ತೋಳು ಮಡಚಿ, ಎಡತೋಳನ್ನು ಅವನ ಮೂಗಿನ ಮುಂದೆ ಹಿಡಿದೆ. ಕನ್ನಡಿಯ ಮುಂದೆ ನಿಂತು ತಯಾರಿಸಿಕೊಂಡಿದ್ದ ಭಾಷಣ ಗಂಟಲವರೆಗೆ ಬಂದಿತ್ತು.

"ನೋಡಿ, ಇದು..."

"ಗೊತ್ತು ಸಾರ್. ದಿನಾ ಎಷ್ಟೋ ಜನ ಹಾಕ್ಕೊಂಡು ಬರ್ತಾರೆ. ಹೋಗಿ."

ಹೋಗಿ! ಅಷ್ಟೇ! ಓದುಗರೇ, ಆಗ ನಾನು ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ಹೇಳಲಾರೆ. ಆದರೆ ಭಾಷಣ ಸಿದ್ಧವಾಗಿದ್ದವನಿಗೆ ಕೇಳುಗನೇ ಇಲ್ಲದಿದ್ದರೆ ಆಗುವ ಸಂಕಟ ನಿಮಗೆ ಗೊತ್ತಿಲ್ಲ.

"ಗೊತ್ತು ಅಂದ್ರೆ ಏನು ಗೊತ್ತು?" ಎಂದೆ. "ಇದನ್ನ ಕಂಡಕಂಡ ಯಂತ್ರದೊಳಗೆ ಹಾಯಿಸಬಾರದು ಅಂತ ಇದರ ಜೊತೆ ಬಂದ ಚೀಟಿಯಲ್ಲೇ ಬರೆದಿದೆ. ನನ್ನನ್ನ ಕೈಯಲ್ಲೇ ತಡವಿ ನೋಡ್ಬೇಕು. ಅದು ನನ್ನ ಹಕ್ಕು!"

"ರೀ," ಎಂದಳು ಹೆಂಡತಿ.

"ಸುಮ್ನಿರು. ಹಕ್ಕಿನ ಪ್ರಶ್ನೆ."

"ಸ್ವಾಮಿ, ನಮಗೂ ವಿಮಾನ ಇದೆ," ಎಂದ ಹಿಂದಿನವನು, ಪ್ಯಾಂಟು ಹಿಡಿದುಕೊಂಡು.

ಮೀಸೆಯವನು ನಿಟ್ಟುಸಿರು ಬಿಟ್ಟು, "ಆಯ್ತು, ಕೈಯಲ್ಲೇ ನೋಡೋಣ. ಕೋಟು, ಫೋನು, ಚೀಲ ಟ್ರೇಗೆ ಹಾಕಿ," ಎಂದ. ಹಾಕಿದೆ. ನನ್ನ ಟ್ರೇ ಎಕ್ಸ್‌ರೇ ಯಂತ್ರದ ಹೊಟ್ಟೆಯೊಳಗೆ ಸರಿದು ಹೋಯಿತು. ಸರಿದದ್ದು ಅಲ್ಲೇ ನಿಂತಿತು. ಯಂತ್ರದ ಬೆಲ್ಟು ಕಿರ್ರೆಂದು ಸ್ತಬ್ಧವಾಯಿತು.

ಯಂತ್ರದ ಪಕ್ಕದಲ್ಲಿ ತೆರೆ ನೋಡುತ್ತ ಕುಳಿತಿದ್ದಾಕೆ ಮುಂದಕ್ಕೆ ಬಾಗಿದಳು. ಇನ್ನಷ್ಟು ಬಾಗಿದಳು. ಆಮೇಲೆ ನನ್ನನ್ನು ಬೆರಳಿನಿಂದ ಕರೆದಳು. ಆಕೆ ನೋಡುತ್ತಿದ್ದದ್ದು ನನ್ನ ಕೋಟಿನೊಳಗಿನ ಏನನ್ನೋ. ನಾನು ತಿಳಿದದ್ದು ಆಕೆ ನನ್ನ ತೋಳನ್ನು ಕೇಳುತ್ತಿದ್ದಾಳೆಂದು! ಅಂತೂ ಭಾಷಣ ಕೇಳುವವಳೊಬ್ಬಳು ಸಿಕ್ಕಳೆಂದು ಕುಣಿಯುತ್ತ ಹೋದೆ.

"ಇದು ನಿಮ್ಮದಾ?"

"ನನ್ನದೇ. ಮುಚ್ಚಿಡೋದೇನೂ ಇಲ್ಲ."

"ಯಾತಕ್ಕೆ ಇಟ್ಕೊಂಡಿದೀರಿ?"

"ಇದಿಲ್ಲದೆ ನಾನು ಬದುಕಕ್ಕೇ ಆಗಲ್ಲ ತಾಯಿ."

"ಎಷ್ಟು ದಿನದಿಂದ?"

"ಹೋದ ವರ್ಷದಿಂದ. ಮುಂಚೆಲ್ಲ ಚುಚ್ಚಿ ಚುಚ್ಚಿ ನೋಡ್ಬೇಕಿತ್ತು. ಇದು ಹಾಗಲ್ಲ, ಸದ್ದಿಲ್ಲದೆ ಒಳಗೆ ಹೋಗ್ಬಿಡುತ್ತೆ."

ಆಕೆಯ ಕಣ್ಣು ಅಗಲವಾಯಿತು. "ಒಳಗೆ ಹೋಗಿ?"

"ಒಳಗೆ ಏನೇನಿದೆ ಅಂತ ಪತ್ತೆ ಹಚ್ಚುತ್ತೆ! ಅದರ ಹತ್ತಿರ ಯಾರೂ ಏನೂ ಬಚ್ಚಿಡಕ್ಕಾಗಲ್ಲ."

"ಇದೆಲ್ಲ ಮನೆಯವರಿಗೆ ಗೊತ್ತಾ?"

"ಗೊತ್ತಾ ಅಂದ್ರೆ? ಇವಳೇ ತನ್ನ ಕೈಯಾರೆ ಹಾಕಿಕೊಡೋದು!" ಎಂದು ಹೆಂಡತಿಯನ್ನು ಹೆಮ್ಮೆಯಿಂದ ತೋರಿಸಿದೆ.

"ಈಗ ಎಲ್ಲಿಗೆ ಹೊರಟಿರೋದು?"

"ನಮ್ಮಕ್ಕನ ಹತ್ತಿರ. ಅವಳಿಗೂ ಒಂದು ಕೊಡಿಸಿ, ಹೇಗೆ ಉಪಯೋಗಿಸೋದು ಅಂತ ಕಲಿಸಿ ಬರೋಣ ಅಂತ."

ಆಕೆ ಮೇಜಿನ ಕೆಳಗಿನ ಗಂಟೆ ಒತ್ತಿದಳು.

ಗಂಟೆಯ ಸದ್ದು ಅಡಗಿತ್ತೋ ಇಲ್ಲವೋ, ಯಂತ್ರದ ಹೊಟ್ಟೆಯೊಳಗಿಂದ ಒಂದು ಹೆಣ್ಣಿನ ದನಿ ಕಿರುಚಿತು. "ರೀ! ಇಳೀತಾ ಇದೀರ! ಬೇಗ ಏನಾದ್ರೂ ಬಾಯಿಗೆ ಹಾಕ್ಕೊಳ್ಳಿ!"

ಇಡೀ ಸಾಲು ಬೆಚ್ಚಿತು. ಮೀಸೆಯವನು ಯಂತ್ರದ ರಬ್ಬರು ಪರದೆ ಸರಿಸಿ ಇಣುಕಿದ.

"ಯಾರದು ಒಳಗೆ?"

"ನನ್ನ ಹೆಂಡತಿ," ಎಂದೆ.

"ಹಾಗಾದ್ರೆ ಇವರು?"

"ಇವರೂ ನನ್ನ ಹೆಂಡತಿ."

"ಇಬ್ಬರಾ?"

"ಇಬ್ಬರನ್ನ ತಡ್ಕೊಳ್ಳೋ ಶಕ್ತಿ ನನಗೆಲ್ಲಿದೆ ಸ್ವಾಮಿ! ಒಬ್ಬಳೇ. ಒಳಗಿರೋದು ಬರೀ ದನಿ."

"ದನಿ ನಂದೇ, ಆದ್ರೆ ನಾನು ಮಾತಾಡ್ತಾ ಇಲ್ಲ," ಎಂದಳು ಹೆಂಡತಿ. ಮದುವೆಯಾದಂದಿನಿಂದ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಯಂತ್ರ ಮತ್ತೊಮ್ಮೆ "ಇಳೀತಾ ಇದೀರ!" ಎಂದು ಕೂಗಿತು. ಹಿಂದೆ ನಿಂತಿದ್ದ ಮುದುಕರೊಬ್ಬರು ಗಾಬರಿಯಿಂದ, "ಇನ್ನೂ ಹತ್ತೇ ಇಲ್ವಲ್ಲ, ಆಗಲೇ ಇಳೀತಾ?" ಎಂದು ಎಲ್ಲರನ್ನೂ ಕೇಳತೊಡಗಿದರು.

ಕೇಳಿದವರೆಲ್ಲ ನಕ್ಕರು. ನಾನು ಮಾತ್ರ ನಗಲಿಲ್ಲ. ಕುತ್ತಿಗೆಯ ಹಿಂದೆ ತಣ್ಣನೆ ಬೆವರು ಒಡೆಯುತ್ತಿರುವುದು ನನಗೆ ಗೊತ್ತಾಗಿತ್ತು. ಇನ್ಸುಲಿನ್ ಒಳಗೆ ಹೋಗಿತ್ತು, ಅನ್ನ ಹೋಗಿರಲಿಲ್ಲ. ಹಣ್ಣಿನ ರಸ ಬುಟ್ಟಿಯಲ್ಲಿತ್ತು. ಬ್ರೆಡ್ಡಿನ ಡಬ್ಬಿ ಚೀಲದಲ್ಲಿತ್ತು, ಚೀಲ ನಿಂತುಹೋದ ಯಂತ್ರದ ಹೊಟ್ಟೆಯಲ್ಲಿತ್ತು. ಯಂತ್ರವನ್ನು ಯಾರೂ ಮುಟ್ಟಕೂಡದು ಎಂದು ಗಂಟೆ ಒತ್ತಿದಾಕೆ ಅಪ್ಪಣೆ ಮಾಡಿದ್ದಳು.

ನಮ್ಮನ್ನು ಪಕ್ಕದ ಚಿಕ್ಕ ಕೋಣೆಗೆ ಕರೆದೊಯ್ದರು. ಕಿಟಕಿಯಿಲ್ಲದ ಕೋಣೆ, ಒಂದು ಉಕ್ಕಿನ ಮೇಜು, ಗೋಡೆಗೆ ಒರಗಿಸಿಟ್ಟ ಕುರ್ಚಿಗಳು. ಅವರ ಮೇಲಧಿಕಾರಿ ಬಂದರು. ಅವರಿಗೆ ಜೋರು ನೆಗಡಿ. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ನನ್ನ ಕೋಟು. ಮೂಗು ಒರೆಸಿಕೊಂಡು, ಕತ್ತರಿ ತರಿಸಿ, ನನ್ನ ಹೆಂಡತಿಯ ಎರಡು ಸುತ್ತಿನ ಹೊಲಿಗೆಯನ್ನು ಕಚಕ್ಕನೆ ಬಿಚ್ಚಿದರು. ಅಸ್ತರಿನೊಳಗಿಂದ ಒಂದು ಚರ್ಮದ ಪುಟ್ಟ ಕವಚ ಮೇಜಿನ ಮೇಲೆ ಬಿತ್ತು. ಬಿಡಿಸಿದರೆ ಉಕ್ಕಿನ ಸಣ್ಣ ಕಡ್ಡಿಗಳು. ಒಂದರ ತುದಿ ಕೊಕ್ಕೆ, ಒಂದರದು ಗರಗಸ, ಒಂದರದು ಹಾವಿನ ನಾಲಿಗೆ.

"ಇದೇನಿದು?"

ನನಗೆ ಕಣ್ಣೀರೇ ಬಂತು. "ಅಯ್ಯೋ, ಇಲ್ಲಿದ್ವಾ ಇವು! ಕೀಲಿ ಇಲ್ಲದ ಬೀಗ ತೆಗೆಯೋ ಕಡ್ಡಿಗಳು ಸಾರ್! ಕಳೆದೇಹೋದ್ವು ಅಂತ ಹುಡುಕಿ ಹುಡುಕಿ ಸಾಕಾಗಿತ್ತು!"

"ಕೀಲಿ ಇಲ್ಲದೆ ಬೀಗ ತೆಗೆಯೋ ಕಡ್ಡಿ," ಎಂದು ಸಾಹೇಬರು ನಿಧಾನವಾಗಿ ಹೇಳಿಕೊಂಡರು. "ಅಸ್ತರಿನೊಳಗೆ ಬಚ್ಚಿಟ್ಟು, ಮೇಲಿಂದ ಹೊಲಿಗೆ ಬೇರೆ ಹಾಕಿದೀರಿ. ಸದ್ದಿಲ್ಲದೆ ಒಳಗೆ ಹೋಗುತ್ತೆ ಅಂತ ನೀವೇ ಹೇಳಿದಿರಂತೆ. ಅಕ್ಕನಿಗೂ ಕಲಿಸೋಕೆ ಹೊರಟಿದೀರಂತೆ. ಮನೆಮಂದಿಯೆಲ್ಲ ಇದೇ ಕೆಲಸವಾ?"

"ಹೊಲಿದವಳು ನಾನು," ಎಂದಳು ಹೆಂಡತಿ. ಅವಳ ಮುಖ ಸುಣ್ಣದಂತೆ ಬಿಳಿಚಿತ್ತು. "ಹರಿದಿತ್ತು ಅಂತ ಹೊಲಿದೆ. ಒಳಗೆ ನೋಡ್ಲಿಲ್ಲ. ತಪ್ಪು ನಂದೇ."

ನಮ್ಮ ಸಂಸಾರದಲ್ಲಿ ತಪ್ಪು ನಂದೇ ಎಂದು ಅವಳು ಒಪ್ಪಿಕೊಂಡ ದಿನ ಹಬ್ಬ ಮಾಡಬೇಕೆಂದು ಎಷ್ಟೋ ವರ್ಷದಿಂದ ಕಾಯುತ್ತಿದ್ದೆ. ಕೊನೆಗೂ ಆ ದಿನ ಬಂದಾಗ ನನ್ನಿಂದ ಸಂತೋಷಪಡಲು ಆಗಲಿಲ್ಲ. ಅವಳನ್ನು ಹಾಗೆ ನಿಲ್ಲಿಸಿ ಮಾತಾಡಿಸುತ್ತಿರುವುದನ್ನು ನೋಡಿ ಸಂಕಟವಾಯಿತು.

"ಸಾರ್, ನಾನು ಬೀಗದವನು. ನನ್ನ ಅಂಗಡಿ ಇದೆ. ನಮ್ಮಕ್ಕನ ಕಾಲು ತೆಗೀತಾ ಇದಾರೆ, ಬಿಟ್ಬಿಡಿ."

"ಬೀಗದವನು ಅಂತ ನಾನು ಹೇಗೆ ನಂಬ್ಲಿ?" ಎಂದು ಸಾಹೇಬರು ಮೇಜಿನ ಡ್ರಾಯರಿನಿಂದ ಒಂದು ಪುಟ್ಟ ಬೀಗ ತೆಗೆದಿಟ್ಟರು. ಪ್ರಯಾಣದ ಪೆಟ್ಟಿಗೆಗಳಿಗೆ ಹಾಕುವ, ಬೆರಳಿನುದ್ದವೂ ಇಲ್ಲದ ಹಿತ್ತಾಳೆ ಬೀಗ. "ಇದನ್ನ ತೆಗೀರಿ ನೋಡೋಣ."

ನಾನು ನಕ್ಕೆ. ಅಂಥ ಹೊತ್ತಿನಲ್ಲೂ ನಕ್ಕೆನಲ್ಲ! "ಇದನ್ನಾ? ಇದನ್ನ ನಾನು ನಿದ್ದೆಯಲ್ಲಿ ತೆಗೀತೀನಿ. ಬೀಗ ಅನ್ನೋ ಮಾತಿಗೇ ಅವಮಾನ ಇದು!"

ಕೊಕ್ಕೆಯ ಕಡ್ಡಿಯನ್ನು ಕೈಗೆ ತೆಗೆದುಕೊಂಡೆ. ಬೀಗದ ಕಣ್ಣಿಗೆ ಹಿಡಿದೆ. ಕಡ್ಡಿ ಪಕ್ಕಕ್ಕೆ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ನೋಡಿದರೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಬೆರಳುಗಳು ಗಡಗಡ ನಡುಗುತ್ತಿದ್ದವು. ಒಂದು ಬೀಗ ಎರಡಾಗಿ ಕಾಣತೊಡಗಿತು. ಗೋಡೆಯಾಚೆಯಿಂದ ಯಂತ್ರದೊಳಗಿನ ಹೆಂಡತಿ ಕೂಗುತ್ತಲೇ ಇದ್ದಳು. ಈ ಕೋಣೆಯ ಹೆಂಡತಿ ನನ್ನ ಭುಜ ಹಿಡಿದುಕೊಂಡಿದ್ದಳು.

ಆ ಕ್ಷಣದಲ್ಲಿ ನಾನು ಹೆದರಿದ್ದು ಸಾಹೇಬರಿಗಲ್ಲ. ನನ್ನ ಕೈಗೆ. ಸಕ್ಕರೆ ಇಳಿದರೆ ನಡುಕ ಬರುತ್ತದೆ, ತಿಂದರೆ ಹೋಗುತ್ತದೆ ಎಂಬುದು ನನಗೆ ಗೊತ್ತು. ಆದರೂ ಅಲ್ಲಿ ಕುಳಿತಾಗ ಬೇರೆಯೇ ಅನ್ನಿಸಿತು. ಈ ಕಾಯಿಲೆ ಒಬ್ಬೊಬ್ಬರನ್ನು ಒಂದೊಂದು ಕಡೆಯಿಂದ ತಿನ್ನಲು ಶುರು ಮಾಡುತ್ತದೆ, ಅಕ್ಕನನ್ನು ಕಾಲಿನಿಂದ ಶುರು ಮಾಡಿದೆ, ನನ್ನನ್ನು ಕೈಯಿಂದ ಶುರು ಮಾಡಬಹುದು ಎಂದುಕೊಂಡೆ. ಕೈ ಹೋದ ಬೀಗದವನನ್ನು ಯಾರು ಕೇಳುತ್ತಾರೆ? ಕಡ್ಡಿ ನನ್ನ ಬೆರಳಿನಿಂದ ಕಳಚಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋಗಿ ನಾನೂ ಅದರ ಹಿಂದೆಯೇ ಹೋದೆ.

"ಪ್ರಾಣ ಹೋಗ್ತಾ ಇದೆ ಇವರದು!" ಎಂದು ಹೆಂಡತಿ ಕಿರುಚಿದಳು. "ಬೀಗ ಆಮೇಲೆ ತೆಗೆಸ್ರೀ! ಸಿಹಿ ಏನಾದ್ರೂ ಕೊಡಿ ಮೊದಲು!"

ಮೀಸೆಯವನು ಓಡಿದ. ಕಸದ ಬುಟ್ಟಿಯೊಳಗೆ ಭುಜದವರೆಗೂ ಕೈಯಿಳಿಸಿ, ನಾನು ಕಾನೂನಿಗೆ ಕಾಣಿಕೆ ಒಪ್ಪಿಸಿದ್ದ ಬಾಟಲಿಯನ್ನೇ ಹುಡುಕಿ ತಂದ. ಅದರ ಮೈಗೆ ಯಾರದೋ ಶಾಂಪೂ ಮೆತ್ತಿತ್ತು. ದಯೆ ಬೇಡುವ ಜಾಯಮಾನದವನಲ್ಲದ ನಾನು ನೆಲದ ಮೇಲೆ ಕುಳಿತು, ಹೆಂಡತಿಯ ಕೈಯಿಂದ, ಎಳೆಮಗುವಿನಂತೆ ಗಟಗಟ ಕುಡಿದೆ. ಅಂಗಿಯ ಮೇಲೆಲ್ಲ ಚೆಲ್ಲಿಕೊಂಡೆ.

ಸಾಹೇಬರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಸೀನಿದರು. ಆಮೇಲೆ ತಮ್ಮವರ ಕಡೆ ತಿರುಗಿ ತೀರ್ಪು ಕೊಟ್ಟರು.

"ಬಿಟ್ಬಿಡಿ. ಕಳ್ಳ ಅಲ್ಲ. ಇಷ್ಟು ಕೆಟ್ಟದಾಗಿ ಬೀಗ ತೆಗೆಯೋನು ಕಳ್ಳ ಆಗಕ್ಕೆ ಸಾಧ್ಯವೇ ಇಲ್ಲ."

ಮೂವತ್ತು ವರ್ಷದ ಕಸುಬು! ನಿರಪರಾಧಿ ಎಂದು ಬಿಡುಗಡೆಯಾದವರು ಸಂತೋಷದಿಂದ ಕುಣಿಯುತ್ತಾರೆಂದು ಕೇಳಿದ್ದೇನೆ. ನನಗೆ ಮಾತ್ರ ನೇಣಿಗೆ ಹಾಕಿದ್ದರೇ ಮೇಲಿತ್ತು ಅನ್ನಿಸಿತು. ಕಡ್ಡಿಗಳನ್ನು ಅವರೇ ಇಟ್ಟುಕೊಂಡರು. ಕೋಟು, ಚೀಲ, ಕಿರುಚಿ ಕಿರುಚಿ ಬ್ಯಾಟರಿ ಮುಗಿಸಿಕೊಂಡಿದ್ದ ಫೋನು ನಮ್ಮ ಕೈಗೆ ಬಂದವು. ಅಂಗಿಯ ತುಂಬ ಹಣ್ಣಿನ ರಸ ಹೊತ್ತು, ಬಿಚ್ಚಿದ ಅಸ್ತರು ನೇತಾಡಿಸಿಕೊಂಡು, ಹೆಂಡತಿಯ ಹೆಗಲು ಹಿಡಿದು ನಾವು ಹೊರಡಬೇಕಿದ್ದ ಬಾಗಿಲಿಗೆ ಬಂದಾಗ ಅದು ಮುಚ್ಚಿತ್ತು. ಗಾಜಿನ ಬಾಗಿಲು. ಆಚೆ ನಮ್ಮ ವಿಮಾನ ಹಿಂದಕ್ಕೆ ಸರಿಯುತ್ತಿರುವುದು ಚೆನ್ನಾಗಿ ಕಾಣುತ್ತಿತ್ತು.

"ಒಂದು ನಿಮಿಷ ತೆಗೀರಮ್ಮ," ಎಂದು ಅಲ್ಲಿದ್ದ ಹುಡುಗಿಗೆ ಕೈಮುಗಿದೆ.

"ಮುಚ್ಚಿದ ಮೇಲೆ ತೆಗೆಯೋ ಹಾಗಿಲ್ಲ ಸಾರ್. ಮುಂದಿನದು ಮಧ್ಯಾಹ್ನದ ಮೇಲೆ."

ಹೆಂಡತಿ ಜಗಳವಾಡಲಿಲ್ಲ. ನಿಮಗೆ ನಾನು ಮೊದಲೇ ಹೇಳಿರಲಿಲ್ವಾ ಎಂದೂ ಅನ್ನಲಿಲ್ಲ. ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಬ್ರೆಡ್ಡನ್ನು ಚೂರುಚೂರು ಮಾಡಿ ಕೈಗೆ ಕೊಟ್ಟಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ತನ್ನ ಫೋನಿನಿಂದ ಭಾವನಿಗೆ ಕರೆ ಮಾಡಿ, ವಿಮಾನ ತಪ್ಪಿತು, ಸಂಜೆಗೆ ಬರುತ್ತೇವೆ ಎಂದಳು. ಯಾಕೆ ತಪ್ಪಿತೆಂದು ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಉಳಿದ ಬ್ರೆಡ್ಡು ತಿನ್ನುತ್ತಿರುವಾಗ, ಆ ಫೋನು ಬಡಿದುಕೊಂಡಿತು, ಅವಳು ಅದನ್ನು ನನ್ನ ಕಿವಿಗಿಟ್ಟಳು. ಅಕ್ಕನ ದನಿ.

"ಎಲ್ಲಿದೀಯೋ?"

"ಅಕ್ಕಾ, ಇನ್ನೂ ಇಲ್ಲೇ ಇದೀನಿ. ಡಾಕ್ಟರಿಗೆ ಹೇಳು, ಸಂಜೆ ತನಕ ತಡ್ಕೊಳ್ಳಲಿ. ನಾನು ಬರ್ತೀನಿ."

"ಕೇಳಿದೆ ಕಣೋ. ನಂಜು ಮೇಲಕ್ಕೆ ಏರ್ತಾ ಇದೆಯಂತೆ, ಆಗಲ್ಲ ಅಂದ್ರು. ಗಾಲಿಮಂಚ ಬಂದಾಯ್ತು." ಅವಳು ಒಂದು ಉಸಿರು ತೆಗೆದುಕೊಂಡಳು. "ನೀನು ಏನಾದ್ರೂ ತಿಂದ್ಯಾ?"

ಬಾಯಿತುಂಬ ಬ್ರೆಡ್ಡು ಇಟ್ಟುಕೊಂಡು ನಾನು ಗೊಳೋ ಎಂದು ಅತ್ತುಬಿಟ್ಟೆ. ಜನ ನೋಡುತ್ತಿದ್ದರು. ನೋಡಲಿ ಬಿಡಿ ಎಂದು ಅತ್ತೆ. ಅಲ್ಲಿ ಅವಳ ಕಾಲು ತೆಗೆಯಲು ಮಂಚ ಬಂದು ನಿಂತಿದೆ, ಅವಳು ನನ್ನ ಹೊಟ್ಟೆಯ ಬಗ್ಗೆ ಕೇಳುತ್ತಿದ್ದಾಳೆ. ಬರೀ ಒಂದು "ಹೋಗಿ" ಎಂಬ ಮಾತಿಗೆ ನಾನು ಹೋಗಿದ್ದರೆ ಆಗ ಆ ಮಂಚದ ಪಕ್ಕದಲ್ಲಿ ಇರುತ್ತಿದ್ದೆ. "ತಿಂದೆ ಅಕ್ಕಾ," ಎಂದೆ. ಅಷ್ಟರಲ್ಲಿ ಫೋನು ಕಡಿದುಹೋಗಿತ್ತು.

ನಾವು ಆಸ್ಪತ್ರೆ ಮುಟ್ಟಿದಾಗ ದೀಪ ಹಾಕುವ ಹೊತ್ತು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಭಾವ ಕುಳಿತಿದ್ದರು. ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ. ನನ್ನನ್ನು ಕಂಡು ಎದ್ದರು, ಮತ್ತೆ ಕುಳಿತರು.

"ಚೆನ್ನಾಗೇ ಆಯ್ತಂತೆ," ಎಂದರು. ಚೀಲ ಬಿಡಿಸಿ ತೋರಿಸಿದರು. ಅಕ್ಕನ ಚಪ್ಪಲಿ. "ನರ್ಸು ಎರಡೂ ಕೊಟ್ಟುಬಿಟ್ಟಳು ಕಣಪ್ಪ. ಇನ್ನೊಂದನ್ನ ಏನು ಮಾಡೋದು ಅಂತ ಕೇಳ್ಬೇಕು ಅನ್ಕೊಂಡೆ, ಯಾರನ್ನ ಕೇಳೋದು ಗೊತ್ತಾಗಲಿಲ್ಲ."

ಹೆಂಡತಿ ಆ ಚೀಲವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತಳು. ನಾನೊಬ್ಬನೇ ಒಳಗೆ ಹೋದೆ.

ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಮುಖ ಚಿಕ್ಕದಾಗಿತ್ತು. ಹೊದಿಕೆ ಸೊಂಟದಿಂದ ಕೆಳಗೆ ಎರಡು ಉಬ್ಬುಗಳಾಗಿ ಇಳಿದಿತ್ತು. ಒಂದು ಉಬ್ಬು ಮಂಚದ ಕೊನೆಯವರೆಗೂ ಇತ್ತು, ಇನ್ನೊಂದು ಅರ್ಧದಲ್ಲೇ ನಿಂತು ಅಲ್ಲಿಂದ ಮುಂದೆ ಹೊದಿಕೆ ಚಪ್ಪಟೆಯಾಗಿತ್ತು. ಆ ಚಪ್ಪಟೆ ಜಾಗದ ಮೇಲೆ ಕೈಯಿಡಬೇಕೆನ್ನಿಸಿತು, ಇಡಲು ಧೈರ್ಯವಾಗಲಿಲ್ಲ. ಸ್ಟೂಲಿನ ಮೇಲೆ ಕುಳಿತೆ. ಅದು ಕಿರುಗುಟ್ಟಿದ ಸದ್ದಿಗೆ ಅವಳು ಕಣ್ಣು ಬಿಟ್ಟಳು.

"ಬಂದ್ಯಾ? ಅಂಗಿಗೇನೋ ಅದು ಕಲೆ?"

ಅಷ್ಟು ಕೇಳಿದ್ದೇ ತಡ, ಎಲ್ಲವನ್ನೂ ಹೇಳಿಬಿಟ್ಟೆ. ಹಕ್ಕಿನ ಭಾಷಣ, ಬುಟ್ಟಿಗೆ ಎಸೆಸಿದ ಬಾಟಲಿ, ಕೋಟಿನ ಹೊಲಿಗೆ, ಇಬ್ಬರು ಹೆಂಡತಿಯರು, ನೆಗಡಿ ಸಾಹೇಬರ ತೀರ್ಪು, ಯಾವುದನ್ನೂ ಬಿಡಲಿಲ್ಲ. ಬೆರಳುದ್ದದ ಬೀಗ ತೆಗೆಯಲಾಗದೆ ಕಡ್ಡಿಯ ಹಿಂದೆ ನಾನೂ ಉರುಳಿದ್ದನ್ನು ಹೇಳುವಾಗ ಅವಳ ತುಟಿ ಅದುರಿತು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು. ನೋವಿಗೆ ಮುಖ ಹಿಂಡಿಕೊಂಡು, "ನಗಿಸ್ಬೇಡ ಕಣೋ, ಹೊಲಿಗೆ ಎಳೆಯುತ್ತೆ," ಎಂದು ನನ್ನ ಕೈಯನ್ನು ಹಿಡಿದುಕೊಂಡಳು.

"ನನ್ನ ಜಂಬದಿಂದ ಹೀಗಾಯ್ತು ಅಕ್ಕಾ," ಎಂದೆ. "ನೀನು ಕೇಳಿದ್ದು ಒಂದೇ ಒಂದು. ಅದನ್ನೂ ನನ್ನ ಕೈಲಿ ಮಾಡಕ್ಕಾಗಲಿಲ್ಲ. ಒಂದ್ಸಲ ನೋಡಕ್ಕೂ ಆಗಲಿಲ್ಲ."

ಅಕ್ಕ ನನ್ನ ಕೈಯನ್ನು ಮೆಲ್ಲಗೆ ತಟ್ಟಿದಳು.

"ಅಳಬೇಡ ಬಿಡೋ," ಎಂದಳು. "ಇನ್ನೊಂದಿದೆಯಲ್ಲ. ಅದನ್ನ ತೆಗೆಯೋವಾಗ ಸ್ವಲ್ಪ ಮುಂಚೆ ಹೊರಡು."